ಮರದ ಸಸಿಗೆ ಗೊಬ್ಬರ: ಯಾವುದು, ಎಷ್ಟು, ಯಾವಾಗ?

ಮುಂಗಾರು ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳ ವಿಷಯವೂ ಬದಲಾಗುತ್ತದೆ. ಈ ಬಾರಿ ಬಂದವುಗಳಲ್ಲಿ ಹೆಚ್ಚಿನವು ಬೆಂಗಳೂರಿನ ಮನೆಯಂಗಳ, ತಾರಸಿ ಮತ್ತು ಶಾಲೆಯ ಆವರಣಗಳಲ್ಲಿ ಚೀಲಗಳಲ್ಲಿ ಬೆಳೆಯುತ್ತಿರುವ ಮರದ ಸಸಿಗಳನ್ನೂ ಅವಕ್ಕೆ ಹಾಕುವ ಗೊಬ್ಬರವನ್ನೂ ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಹೊಂಗೆ ಮತ್ತು ನೇರಳೆ ಬೀಜಗಳನ್ನು ಚಿಕ್ಕ ಪಾಲಿಥಿನ್ ಚೀಲಗಳಲ್ಲಿ ಬಿತ್ತಿದ್ದೆ. ಎರಡೆಲೆ ಮೂಡಿದ ಕೂಡಲೇ ಸಸಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಒಂದು ಚಮಚ ಯೂರಿಯಾ, ಇನ್ನೊಂದಕ್ಕೆ ಒಂದು ಚಮಚ ಎರೆಗೊಬ್ಬರ ಹಾಕಿ, ಮೂರನೆಯದನ್ನು ಹಾಗೆಯೇ ಬಿಟ್ಟೆ. ಯೂರಿಯಾ ಹಾಕಿದವು ಒಂದು ವಾರದೊಳಗೆ ಸುಟ್ಟುಹೋದವು. ಉಳಿದ ಎರಡು ಗುಂಪುಗಳಲ್ಲಿ ವ್ಯತ್ಯಾಸವೇ ಕಾಣುತ್ತಿಲ್ಲ. ರಾಸಾಯನಿಕ ಗೊಬ್ಬರ ಸಸಿಗೆ ವಿಷವೆಂದೂ ಎರೆಗೊಬ್ಬರದಿಂದ ಪ್ರಯೋಜನವಿಲ್ಲವೆಂದೂ ತಿಳಿಯಬಹುದೇ?
(ಓದುಗರೊಬ್ಬರು, ಯಲಹಂಕ)

ಉತ್ತರ: ಎರಡೂ ತೀರ್ಮಾನಗಳು ಅವಸರದವು. ನೀವು ಚಮಚವನ್ನು ಚಮಚದೊಂದಿಗೆ ಹೋಲಿಸಿದ್ದೀರಿ, ಸಸಿಗೆ ಸಿಕ್ಕ ಆಹಾರವನ್ನು ಆಹಾರದೊಂದಿಗೆ ಹೋಲಿಸಿಲ್ಲ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕವಿದೆ; ಒಳ್ಳೆಯ ಎರೆಗೊಬ್ಬರದಲ್ಲಿ ಅದು ನೂರಕ್ಕೆ ಒಂದೂವರೆಯ ಆಸುಪಾಸು, ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಸುಮಾರು 0.5. ಒಂದು ಚಹಾ ಚಮಚ ಯೂರಿಯಾ ಹತ್ತಿರಹತ್ತಿರ 4 ಗ್ರಾಂ ತೂಗುತ್ತದೆಯೆಂದು ಇಟ್ಟುಕೊಂಡರೆ, ಆ ಗುಂಪಿನ ಒಂದೊಂದು ಸಸಿಗೂ 1.8 ಗ್ರಾಂಗಿಂತ ಹೆಚ್ಚು ಸಾರಜನಕ ಬಿದ್ದಿದೆ. ಎರೆಗೊಬ್ಬರದ ಗುಂಪಿಗೆ ಸಿಕ್ಕಿದ್ದು ಅದರ ನಲವತ್ತರಲ್ಲಿ ಒಂದು ಪಾಲಿನಷ್ಟು, ಅದೂ ನಿಧಾನವಾಗಿ ಬಿಡುಗಡೆಯಾಗುವ ರೂಪದಲ್ಲಿ.

1.8 ಗ್ರಾಂ ಎಂದರೆ ಎಷ್ಟು ದೊಡ್ಡ ಪ್ರಮಾಣ ಎಂಬುದು ಹೊಲದ ಲೆಕ್ಕದೊಂದಿಗೆ ಇಟ್ಟು ನೋಡಿದರೆ ತಿಳಿಯುತ್ತದೆ. ಒಂದು ಹೆಕ್ಟೇರಿನ ಮೇಲ್ಪದರದ 15 ಸೆಂಟಿಮೀಟರ್ ಮಣ್ಣು ಸುಮಾರು 20 ಲಕ್ಷ ಕಿಲೋ ತೂಗುತ್ತದೆ. ಹೆಚ್ಚು ಗೊಬ್ಬರ ಬೇಡುವ ಬೆಳೆಗೆ ಹೆಕ್ಟೇರಿಗೆ 100 ಕಿಲೋ ಸಾರಜನಕ ಕೊಟ್ಟರೆ ಒಂದು ಕಿಲೋ ಮಣ್ಣಿನ ಪಾಲಿಗೆ ಬರುವುದು 50 ಮಿಲಿಗ್ರಾಂ. ನಿಮ್ಮ 5 ಅಂಗುಲ ಅಗಲ, 8 ಅಂಗುಲ ಎತ್ತರದ ಚೀಲದಲ್ಲಿ ಹಿಡಿಯುವುದೇ ಒಂದು ಕಿಲೋ ಚಿಲ್ಲರೆ ಮಣ್ಣು. ಅದಕ್ಕೆ ನೀವು ಕೊಟ್ಟಿರುವುದು ಹೊಲದ ಈ ಪ್ರಮಾಣದ ಮೂವತ್ತು ಪಟ್ಟಿಗೂ ಮಿಕ್ಕಿ.

ಸುಡುವಿಕೆ ನಡೆಯುವುದು ಎರಡು ದಾರಿಯಲ್ಲಿ. ಮಣ್ಣಿನ ಸೂಕ್ಷ್ಮಜೀವಿಗಳ ಯೂರಿಯೇಸ್ ಕಿಣ್ವವು ಕೆಲವೇ ದಿನಗಳಲ್ಲಿ ಯೂರಿಯಾವನ್ನು ಅಮೋನಿಯಂ ಆಗಿ ಒಡೆಯುತ್ತದೆ. ಆಗ ಹರಳಿನ ಸುತ್ತಲಿನ ಮಣ್ಣು ತಾತ್ಕಾಲಿಕವಾಗಿ ಕ್ಷಾರೀಯವಾಗಿ, ಅಮೋನಿಯಂನ ಒಂದಂಶ ಅಮೋನಿಯಾ ಅನಿಲದ ರೂಪ ತಾಳಿ, ಎಳೆಯ ಬೇರಿನ ತುದಿಗಳನ್ನು ಕೊಲ್ಲುತ್ತದೆ. ಇನ್ನೊಂದು ದಾರಿ ಲವಣದ್ದು: ಚೀಲದ ತೇವದಲ್ಲಿ ಲವಣ ಕರಗಿ ಸಾಂದ್ರವಾದಾಗ ಬೇರಿಗೆ ನೀರನ್ನು ಹೀರಲಾಗದೆ, ಮಣ್ಣು ಒದ್ದೆಯಿದ್ದರೂ ಎಲೆಯಂಚು ಒಣಗುತ್ತದೆ. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪನ ಕಡ್ಡಾಯವಾಗಿದೆ ನಿಜ. ಆದರೆ ಆ ಲೇಪನ ನಿಧಾನಿಸುವುದು ಅಮೋನಿಯಂ ಮುಂದೆ ನೈಟ್ರೇಟಾಗಿ ಬದಲಾಗುವ ಹಂತವನ್ನು; ಮೊದಲ ಹಂತದ ಅಮೋನಿಯಾದಿಂದ ಅದು ಸಸಿಯನ್ನು ಕಾಪಾಡದು.

ಇನ್ನು ಎರೆಗೊಬ್ಬರದ ಗುಂಪಿಗೂ ಏನೂ ಹಾಕದ ಗುಂಪಿಗೂ ವ್ಯತ್ಯಾಸ ಕಾಣದಿರುವುದರಲ್ಲಿ ಆಶ್ಚರ್ಯವಿಲ್ಲ. ಹೊಂಗೆ, ನೇರಳೆ, ಮಾವು, ಹಲಸಿನಂತಹ ದಪ್ಪ ಬೀಜಗಳು ತಮ್ಮ ಬೀಜದಳಗಳಲ್ಲಿ ವಾರಗಟ್ಟಲೆ ಸಾಲುವಷ್ಟು ಬುತ್ತಿಯನ್ನು ಕಟ್ಟಿಕೊಂಡೇ ಬರುತ್ತವೆ. ಆ ಬುತ್ತಿ ಮುಗಿಯುವವರೆಗೆ ಹೊರಗಿನ ಗೊಬ್ಬರ ಅವಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಸಿಲ್ವರ್ ಓಕ್, ಸರ್ವೆ, ನೀಲಗಿರಿಯಂತಹ ಸಣ್ಣ ಬೀಜದವುಗಳಿಗೆ ಬೇಗ ಆಹಾರ ಬೇಕಾಗುತ್ತದೆ, ಆದರೆ ಇನ್ನೂ ತೆಳುವಾಗಿ. ಮುಂದಿನ ಸಲ ಚೀಲ ತುಂಬುವಾಗಲೇ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ನಾಲ್ಕಾರು ನಿಜವಾದ ಎಲೆಗಳು ಬಂದ ಮೇಲೂ ಸಸಿ ಸಪ್ಪಗಿದ್ದರೆ, ಲೀಟರ್ ನೀರಿಗೆ ಒಂದರಿಂದ ಎರಡು ಗ್ರಾಂ ಯೂರಿಯಾ ಅಥವಾ ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ನೂರಕ್ಕೆ ತಲಾ 19 ಭಾಗ ಇರುವುದು) ಕರಗಿಸಿ, ಚೀಲಕ್ಕೆ 50 ಮಿಲಿಲೀಟರಿನಂತೆ ಹದಿನೈದು ದಿನಕ್ಕೊಮ್ಮೆ, ತೇವವಿರುವ ಮಣ್ಣಿಗೇ ಕೊಡಿ. ಒಣಮಣ್ಣಿಗೆ ಕೊಡಬೇಡಿ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಮಕ್ಕಳು ಬೇರೆಬೇರೆ ಗೊಬ್ಬರಗಳು ಬೇವಿನ ಸಸಿಯ ಮೇಲೆ ಬೀರುವ ಪರಿಣಾಮವನ್ನು ವಿಜ್ಞಾನ ಪ್ರದರ್ಶನಕ್ಕಾಗಿ ಪರೀಕ್ಷಿಸಬೇಕೆಂದಿದ್ದಾರೆ. ವಾರಕ್ಕೊಮ್ಮೆ ಎತ್ತರ ಅಳೆದರೆ ಸಾಕಲ್ಲವೇ?
(ವಿಜ್ಞಾನ ಶಿಕ್ಷಕಿ, ರಾಜಾಜಿನಗರ)

ಉತ್ತರ: ಎತ್ತರವೊಂದನ್ನೇ ಅಳೆದರೆ ಬಹುಮಾನ ಪ್ರತಿಸಲವೂ ಹೆಚ್ಚು ಸಾರಜನಕ ತಿಂದ ಸಸಿಗೇ ಹೋಗುತ್ತದೆ. ಸಾರಜನಕ ಧಾರಾಳವಾಗಿ ಸಿಕ್ಕಾಗ ಸಸಿ ತಾನು ತಯಾರಿಸಿದ ಸಕ್ಕರೆಯ ಹೆಚ್ಚಿನ ಪಾಲನ್ನು ಎಲೆ ಮತ್ತು ಕಾಂಡಕ್ಕೆ ಹಾಕುತ್ತದೆ. ಕೊರತೆಯಾದಾಗ ಅದೇ ಸಕ್ಕರೆಯನ್ನು ಬೇರಿಗೆ ಕಳುಹಿಸಿ ಮಣ್ಣನ್ನು ಹುಡುಕುತ್ತದೆ. ಹಾಗಾಗಿ ಚೀಲದಲ್ಲಿ ಎಲ್ಲರ ಕಣ್ಣು ಸೆಳೆಯುವ ಸಸಿಯೇ ಗುಂಡಿಗೆ ಇಳಿದ ಮೇಲೆ, ಮಳೆ ಹತ್ತು ದಿನ ಕೈಕೊಟ್ಟರೆ, ಮೊದಲು ಬಾಡುವುದುಂಟು. ಜೂನ್ 5ರ ಪರಿಸರ ದಿನಕ್ಕೆಂದು ನರ್ಸರಿಗಳಲ್ಲಿ ಎತ್ತರವನ್ನೇ ನೋಡಿ ಸಸಿ ಕೊಳ್ಳುವ ನಮ್ಮ ನಗರದ ರೂಢಿಯೂ ಈ ತಪ್ಪಳತೆಯನ್ನು ಬೆಳೆಸಿದೆ ಎಂಬುದು ನನ್ನ ಅಭಿಪ್ರಾಯ.

ಮಕ್ಕಳಿಗೆ ಎತ್ತರದ ಜೊತೆಗೆ ಬುಡದ ದಪ್ಪವನ್ನೂ, ಅಂದರೆ ಮಣ್ಣಿನ ಮಟ್ಟಕ್ಕೆ ತುಸು ಮೇಲೆ ಕಾಂಡದ ವ್ಯಾಸವನ್ನು, ವರ್ನಿಯರ್ ಕ್ಯಾಲಿಪರ್ಸಿನಲ್ಲಿ ಅಳೆಯಲು ಹೇಳಿ. ಪ್ರಯೋಗಾಲಯದಲ್ಲಿ ಧೂಳು ಹಿಡಿದಿರುವ ಆ ಉಪಕರಣಕ್ಕೂ ಒಂದು ಕೆಲಸ ಸಿಕ್ಕಂತಾಗುತ್ತದೆ. ಸೆಂಟಿಮೀಟರಿನಲ್ಲಿರುವ ಎತ್ತರವನ್ನು ಮಿಲಿಮೀಟರಿನಲ್ಲಿರುವ ಬುಡದ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ ಸಸಿಯ ಗಟ್ಟಿತನವನ್ನು ಹೇಳುತ್ತದೆ. ಸಾಮಾನ್ಯವಾಗಿ ಅದು 6ಕ್ಕಿಂತ ಕಡಿಮೆ ಇರುವುದು ಒಳ್ಳೆಯದು. 36 ಸೆಂ.ಮೀ. ಎತ್ತರ, 4 ಮಿ.ಮೀ. ಬುಡ ಇರುವ ಸಸಿಗೆ 9 ಬರುತ್ತದೆ, 28 ಸೆಂ.ಮೀ. ಎತ್ತರ, 6 ಮಿ.ಮೀ. ಬುಡ ಇರುವುದಕ್ಕೆ 5ಕ್ಕಿಂತ ಕಡಿಮೆ. ನೆಡಲು ನಾನು ಆರಿಸುವುದು ಎರಡನೆಯದನ್ನು. ಕೊನೆಯಲ್ಲಿ ಪ್ರತಿ ಗುಂಪಿನಿಂದ ಕೆಲವು ಸಸಿಗಳ ಚೀಲ ಹರಿದು, ಬೇರನ್ನು ನೀರಿನಲ್ಲಿ ಮೆಲ್ಲಗೆ ತೊಳೆದು, ಬೇರು ಮತ್ತು ಚಿಗುರನ್ನು ಬೇರ್ಪಡಿಸಿ ಒಣಗಿಸಿ ತೂಗಬೇಕು. ಕಾಲೇಜುಗಳಲ್ಲಿ 70 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸುತ್ತಾರೆ. ನಿಮಗೆ ಬಿಸಿಲೇ ಸಾಕು, ಎಲ್ಲ ಗುಂಪುಗಳಿಗೂ ಒಂದೇ ಬಿಸಿಲಾಗಿದ್ದರೆ.

ಗೊಬ್ಬರದ ಪ್ರಮಾಣವನ್ನು ಸಾರಜನಕದ ಲೆಕ್ಕದಲ್ಲಿ ಸಮಮಾಡಿ. ಚೀಲಕ್ಕೆ 0.1 ಗ್ರಾಂ ಸಾರಜನಕ ಎಂದು ನಿರ್ಧರಿಸಿದರೆ, ಅದು ಸಿಗುವುದು ಸುಮಾರು 0.22 ಗ್ರಾಂ ಯೂರಿಯಾದಲ್ಲಿ, 2 ಗ್ರಾಂ ಬೇವಿನ ಹಿಂಡಿಯಲ್ಲಿ, ಆರೇಳು ಗ್ರಾಂ ಎರೆಗೊಬ್ಬರದಲ್ಲಿ ಅಥವಾ 20 ಗ್ರಾಂ ಕೊಟ್ಟಿಗೆ ಗೊಬ್ಬರದಲ್ಲಿ. ಇಷ್ಟಾದರೂ ಪರಿಣಾಮ ಒಂದೇ ಆಗದು, ಏಕೆಂದರೆ ಸಾವಯವ ಗೊಬ್ಬರದ ಸಾರಜನಕವನ್ನು ಸೂಕ್ಷ್ಮಜೀವಿಗಳು ಒಡೆದುಕೊಡಬೇಕು. ಪ್ರಯೋಗವನ್ನು ಒಂದು ತಿಂಗಳಿಗೆ ನಿಲ್ಲಿಸಿದರೆ ಯೂರಿಯಾ ಗೆದ್ದಂತೆ ಕಾಣುತ್ತದೆ. ಮೂರು ನಾಲ್ಕು ತಿಂಗಳು ನಡೆಸಿದರೆ ಚಿತ್ರ ಬದಲಾಗಬಹುದು. ಏನೂ ಹಾಕದ ಗುಂಪು ಇರಲೇಬೇಕು. ಪ್ರತಿ ಗುಂಪಿಗೆ ಹತ್ತಾದರೂ ಸಸಿಗಳಿರಲಿ, ಬೀಜವೆಲ್ಲ ಒಂದೇ ಮರದ್ದಾಗಿರಲಿ. ಗುಂಪು ಗುಂಪಾಗಿ ಸಾಲು ಜೋಡಿಸದೆ ಚೀಟಿ ಎತ್ತಿ ಜಾಗ ಕೊಡಿ. ಇಲ್ಲದಿದ್ದರೆ ಪಶ್ಚಿಮದ ಗೋಡೆಯ ಕಾವು ಬಿದ್ದ ಸಾಲಿನ ಸೋಲನ್ನು ಮಕ್ಕಳು ಗೊಬ್ಬರದ ತಲೆಗೆ ಕಟ್ಟುತ್ತಾರೆ. ಬೇವಿನ ಬೀಜ ಬಹುಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ, ಹಣ್ಣು ಉದುರಿದ ಕೂಡಲೇ ತಿರುಳು ತೊಳೆದು ಬಿತ್ತಿಬಿಡಿ.

ಪ್ರಶ್ನೆ: ಬೇರು ಚೆನ್ನಾಗಿ ಬರಲೆಂದು ಚೀಲದ ಮೇಲ್ಭಾಗಕ್ಕೆ ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಗೊಬ್ಬರ ಹಾಕುತ್ತಿದ್ದೇನೆ. ಹರಳು ಕರಗುತ್ತಿದೆ, ಸಸಿ ಮಾತ್ರ ಅಲ್ಲೇ ನಿಂತಿದೆ. ಏಕೆ?
(ಓದುಗರೊಬ್ಬರು, ಕೆಂಗೇರಿ)

ಉತ್ತರ: ಡಿಎಪಿಯಲ್ಲಿ ನೂರಕ್ಕೆ 18 ಭಾಗ ಸಾರಜನಕ, 46 ಭಾಗ ರಂಜಕ (ರಂಜಕದ ಪೆಂಟಾಕ್ಸೈಡ್ ಲೆಕ್ಕದಲ್ಲಿ). ಎಳೆ ಬೇರಿಗೆ ರಂಜಕ ಅವಶ್ಯವೆಂಬುದು ಸರಿಯೇ. ಆದರೆ ಮಣ್ಣಿನಲ್ಲಿ ಅದು ನೈಟ್ರೇಟಿನಂತೆ ನೀರಿನ ಜೊತೆ ಹರಿಯುವುದಿಲ್ಲ. ಅದರಲ್ಲೂ ನಮ್ಮ ಬೆಂಗಳೂರಿನ ಸುತ್ತಲಿನ ಕೆಮ್ಮಣ್ಣಿಗೆ ಆ ಬಣ್ಣ ಕೊಟ್ಟಿರುವ ಕಬ್ಬಿಣದ ಆಕ್ಸೈಡ್, ಜೊತೆಗಿರುವ ಅಲ್ಯೂಮಿನಿಯಂ ಆಕ್ಸೈಡ್, ಇವೆರಡೂ ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಮೇಲೆ ಹಾಕಿದ ರಂಜಕ ಮೇಲಿನ ಒಂದೆರಡು ಸೆಂಟಿಮೀಟರಿನಲ್ಲೇ ಸಿಕ್ಕಿಬೀಳುತ್ತದೆ, ಬೇರು ಕೆಳಗಿರುತ್ತದೆ. ಆದ್ದರಿಂದ ರಂಜಕವನ್ನು ಚೀಲ ತುಂಬುವ ಮೊದಲೇ ಮಣ್ಣಿನ ಮಿಶ್ರಣದಲ್ಲಿ ಬೆರೆಸಬೇಕು. ಅದಕ್ಕೆ ಡಿಎಪಿಗಿಂತ ಸಿಂಗಲ್ ಸೂಪರ್ ಫಾಸ್ಫೇಟ್ ಲೇಸು. ಅದರಲ್ಲಿ ನೂರಕ್ಕೆ 16 ಭಾಗವಷ್ಟೇ ಇದ್ದರೂ ಅಮೋನಿಯಾದ ಕಾಟವಿಲ್ಲ, ಸುಣ್ಣದಂಶ ಮತ್ತು ಗಂಧಕ ಜೊತೆಗೇ ದೊರೆಯುತ್ತವೆ. ಕಳಿತ ಗೊಬ್ಬರದೊಂದಿಗೆ ಬೆರೆಸಿ ಹಾಕಿದರೆ ರಂಜಕ ಕಟ್ಟಿಕೊಳ್ಳುವುದೂ ತಗ್ಗುತ್ತದೆ.

ರಂಜಕದ ವಿಷಯದಲ್ಲಿ ಇನ್ನೊಂದು ಮಾತಿದೆ. ಬಹುತೇಕ ಮರಗಳ ಬೇರಿನಲ್ಲಿ ಮೈಕೊರೈಜಾ ಎಂಬ ಶಿಲೀಂಧ್ರ ಸೇರಿಕೊಂಡು, ಬೇರು ತಲುಪಲಾರದ ಸಂದುಗಳಿಂದ ರಂಜಕವನ್ನು ಹೀರಿ ತಂದುಕೊಟ್ಟು, ಬದಲಿಗೆ ಸಕ್ಕರೆ ಪಡೆಯುತ್ತದೆ. ಮಣ್ಣಿನಲ್ಲಿ ಕರಗಿದ ರಂಜಕ ಅತಿಯಾದಾಗ ಸಸಿ ಈ ಸಖ್ಯವನ್ನು ಕಡಿದುಕೊಳ್ಳುತ್ತದೆ. ಚೀಲದಲ್ಲಿ ಅದರಿಂದ ನಷ್ಟ ಕಾಣದು, ಗೊಬ್ಬರವಿಲ್ಲದ ಬಯಲಿಗೆ ಹೋದಾಗ ಕಾಣುತ್ತದೆ. ಮೈಕೊರೈಜಾ ಪುಡಿಯನ್ನು ದುಡ್ಡು ಕೊಟ್ಟು ತಂದು, ಅದರ ಮೇಲೆಯೇ ಡಿಎಪಿ ಸುರಿಯುವವರನ್ನು ಕಂಡಿದ್ದೇನೆ. ಎರಡರಲ್ಲಿ ಒಂದು ಖರ್ಚು ವ್ಯರ್ಥ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿರುವ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಕೂಡ ಸಜೀವ ಗೊಬ್ಬರವೇ. ಅದರಲ್ಲಿ ಸಾರಜನಕ ಸ್ಥಿರೀಕರಿಸುವ ಹಾಗೂ ರಂಜಕ, ಸತುವುಗಳನ್ನು ಕರಗಿಸಿಕೊಡುವ ಬ್ಯಾಕ್ಟೀರಿಯಾಗಳಿವೆ. ಅದನ್ನೂ ರಾಸಾಯನಿಕ ಗೊಬ್ಬರದ ಗಾಢ ದ್ರಾವಣದೊಂದಿಗೆ ಕಲಸಬಾರದು.

ಪ್ರಶ್ನೆ: ಹೊಂಗೆ ಸಸಿಯ ಬೇರಿನಲ್ಲಿ ಗಂಟುಗಳಿವೆ. ರೋಗವೆಂದು ಕಿತ್ತುಹಾಕಬೇಕೇ? ಯೂರಿಯಾ ಕೊಟ್ಟ ಸಸಿಗಳಲ್ಲಿ ಗಂಟು ಕಡಿಮೆ ಇದೆ.
(ಓದುಗರೊಬ್ಬರು, ದೇವನಹಳ್ಳಿ ರಸ್ತೆ)

ಉತ್ತರ: ಕೀಳಬೇಡಿ. ಹೊಂಗೆ ದ್ವಿದಳ ಜಾತಿಯ ಮರ. ಗಂಟಿನೊಳಗಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಸಸಿಗೆ ಉಣಿಸುತ್ತದೆ. ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ: ಒಳಗೆ ನಸುಗೆಂಪಾಗಿದ್ದರೆ ಅದು ಕೆಲಸ ಮಾಡುತ್ತಿದೆ, ಹಸಿರು ಅಥವಾ ಕಂದಾಗಿದ್ದರೆ ಇಲ್ಲ. ಬೇರುಗಂಟು ನೆಮಟೋಡ್ ಎಂಬ ಜಂತುವಿನ ಗಂಟು ಬೇರಿನದೇ ಊತವಾದ್ದರಿಂದ ಬಿಡಿಸಲು ಬರುವುದಿಲ್ಲ. ರೈಜೋಬಿಯಂ ಗಂಟು ಪಕ್ಕಕ್ಕೆ ಅಂಟಿಕೊಂಡಿದ್ದು ಸುಲಭವಾಗಿ ಕಳಚುತ್ತದೆ. ಯೂರಿಯಾ ಸಿಕ್ಕಾಗ ಗಂಟು ಕಡಿಮೆಯಾಗುವುದು ಸಹಜ: ಮಣ್ಣಿನಲ್ಲಿ ಸಾರಜನಕ ಸುಲಭವಾಗಿ ಸಿಗುವಾಗ ಬ್ಯಾಕ್ಟೀರಿಯಾವನ್ನು ಸಾಕಲು ಸಸಿ ಸಕ್ಕರೆ ವೆಚ್ಚ ಮಾಡುವುದಿಲ್ಲ. ಹೊಂಗೆಗೆ ಮೊದಲ ಎಲೆಗಳ ಹಂತದಲ್ಲಿ ಕಳಿತ ಗೊಬ್ಬರದಿಂದ ಸಿಗುವ ಅಲ್ಪ ಸಾರಜನಕ ಸಾಕು, ರಂಜಕ ಮಾತ್ರ ಕೊರೆಯಾಗಬಾರದು. ಹಳೆಯ ಹೊಂಗೆ ಮರದಡಿಯ ಒಂದು ಹಿಡಿ ಮಣ್ಣನ್ನು ಮಿಶ್ರಣಕ್ಕೆ ಬೆರೆಸಿದರೆ ಬ್ಯಾಕ್ಟೀರಿಯಾ ತಾನಾಗಿ ಬರುತ್ತದೆ. ಸರ್ವೆ ದ್ವಿದಳ ಜಾತಿಯದಲ್ಲದಿದ್ದರೂ ಫ್ರಾಂಕಿಯಾ ಎಂಬ ಬೇರೊಂದು ಸೂಕ್ಷ್ಮಜೀವಿಯ ನೆರವಿನಿಂದ ಇದೇ ಕೆಲಸ ಮಾಡಿಸಿಕೊಳ್ಳುತ್ತದೆ.

ಪ್ರಶ್ನೆ: ನೇರಳೆ ಮತ್ತು ಮಾವಿನ ಸಸಿಗಳ ಎಲೆ ಕೆಂಪಾಗುತ್ತಿದೆ. ರಂಜಕದ ಕೊರತೆಯೇ?
(ಗೃಹಿಣಿ, ಬನಶಂಕರಿ)

ಉತ್ತರ: ಕೆಂಪು ಬಣ್ಣ ತುದಿಯಲ್ಲಿರುವ ಹೊಸ ಚಿಗುರಿನಲ್ಲಿದ್ದರೆ ಅದು ಆ ಮರಗಳ ಗುಣ, ಕೊರತೆಯಲ್ಲ. ಎಲೆ ಬಲಿತಂತೆ ಹಸಿರಾಗುತ್ತದೆ. ರಂಜಕದ ಕೊರತೆಯ ನೇರಳೆ ಛಾಯೆ ಹಳೆಯ, ಕೆಳಗಿನ ಎಲೆಗಳಲ್ಲಿ ಕಾಣುತ್ತದೆ, ಸಸಿಯೂ ಗಿಡ್ಡವಾಗಿರುತ್ತದೆ. ಏನನ್ನೂ ಹಾಕಬೇಡಿ.

ಪ್ರಶ್ನೆ: ತಾರಸಿಗೆ ಭಾರವಾಗದಿರಲೆಂದು ಬರಿಯ ಕೋಕೋಪೀಟಿನಲ್ಲಿ ಸಂಪಿಗೆ, ಆಕಾಶಮಲ್ಲಿಗೆ ಸಸಿ ಬೆಳೆಸಿದ್ದೇವೆ. ಕೊಳವೆಬಾವಿ ನೀರು ಹಾಕುತ್ತೇವೆ. ಎಷ್ಟು ಗೊಬ್ಬರ ಕೊಟ್ಟರೂ ಎಲೆ ಹಳದಿ.
(ಅಪಾರ್ಟ್‌ಮೆಂಟ್ ನಿವಾಸಿ, ವೈಟ್‌ಫೀಲ್ಡ್)

ಉತ್ತರ: ಹಳದಿ ಎಲ್ಲಿ ಮೊದಲಾಯಿತು ಎಂಬುದನ್ನು ನೀವು ಬರೆದಿಲ್ಲ, ಉತ್ತರ ಅದರ ಮೇಲೆ ನಿಂತಿದೆ. ಕೆಳಗಿನ ಎಲೆಗಳು ಇಡಿಯಾಗಿ ಹಳದಿಯಾಗುತ್ತಿದ್ದರೆ ಸಾರಜನಕದ ಕೊರತೆ. ಕೋಕೋಪೀಟ್ ಎಂದರೆ ತೆಂಗಿನ ನಾರಿನ ಪುಡಿ; ಅದರಲ್ಲಿ ಇಂಗಾಲ ಮತ್ತು ಸಾರಜನಕಗಳ ಅನುಪಾತ ಸುಮಾರು 100ಕ್ಕೆ 1. ಕಳಿಯದ ಪುಡಿಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕಾದ್ದರಿಂದ, ನೀವು ಸಸಿಗೆ ಕೊಟ್ಟದ್ದನ್ನು ಅವೇ ಮೊದಲು ಉಣ್ಣುತ್ತವೆ. ಜೊತೆಗೆ ತೊಳೆಯದ ಪುಡಿಯಲ್ಲಿ ಸೋಡಿಯಂ ಮತ್ತು ಪೊಟ್ಯಾಷಿಯಂ ಲವಣಗಳು ಹೆಚ್ಚು. ಆದ್ದರಿಂದ ಕಳಿತ, ತೊಳೆದ ಪುಡಿಯನ್ನೇ ಕೊಂಡು, ಅದು ಮಿಶ್ರಣದ ಮೂರನೇ ಒಂದು ಭಾಗ ಮೀರದಂತೆ ಮಣ್ಣು ಮತ್ತು ಎರೆಗೊಬ್ಬರದೊಂದಿಗೆ ಬೆರೆಸುವುದು ಒಳ್ಳೆಯದು.

ಹೊಸ ಎಲೆಗಳ ನರ ಹಸಿರಾಗಿದ್ದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ ಅದು ಕಬ್ಬಿಣದ ಕೊರತೆ. ಬೆಂಗಳೂರಿನ ಹಲವು ಕೊಳವೆಬಾವಿಗಳ ನೀರು ಗಡಸು. ಅದರ ಬೈಕಾರ್ಬೊನೇಟ್ ಚೀಲದ ಮಿಶ್ರಣವನ್ನು ತಿಂಗಳು ತಿಂಗಳಿಗೆ ಕ್ಷಾರದತ್ತ ಸರಿಸುತ್ತದೆ, ಕ್ಷಾರದಲ್ಲಿ ಕಬ್ಬಿಣ ಕರಗದು. ಆಗ ಇನ್ನಷ್ಟು ಯೂರಿಯಾ ಕೊಟ್ಟು ಫಲವಿಲ್ಲ. ಲೀಟರಿಗೆ 2 ಗ್ರಾಂ ಫೆರಸ್ ಸಲ್ಫೇಟಿಗೆ ಚಿಟಿಕೆ ಸಿಟ್ರಿಕ್ ಆಮ್ಲ ಸೇರಿಸಿ ಸಂಜೆ ಎಲೆಗಳಿಗೆ ಸಿಂಪಡಿಸಿ. ಸಾರಜನಕ ಕೊಡಲೇಬೇಕಾದರೆ ಯೂರಿಯಾ ಬದಲು ಅಮೋನಿಯಂ ಸಲ್ಫೇಟ್ ಬಳಸಿ. ಅದರಲ್ಲಿ ನೂರಕ್ಕೆ 21 ಭಾಗದಷ್ಟೇ ಸಾರಜನಕವಿದ್ದರೂ ಅದು ಮಿಶ್ರಣವನ್ನು ಆಮ್ಲದತ್ತ ತರುತ್ತದೆ. ಮಳೆನೀರು ಹಿಡಿಯುವ ವ್ಯವಸ್ಥೆ ನಿಮ್ಮ ಕಟ್ಟಡದಲ್ಲಿದ್ದರೆ ಸಸಿಗಳಿಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ.

ಪ್ರಶ್ನೆ: ಜೀವಾಮೃತ ಕೊಡುತ್ತಿದ್ದೇನೆ, ಜೊತೆಗೆ ಒಲೆಯ ಬೂದಿ, ಆಗಾಗ ಯೂರಿಯಾ. ಹೊಂದುತ್ತವೆಯೇ?
(ರೈತರೊಬ್ಬರು, ಆನೇಕಲ್)

ಉತ್ತರ: ಜೀವಾಮೃತದಲ್ಲಿ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು ಸೇರಿ 200 ಲೀಟರ್ ನೀರಿಗೆ ಕರಗಿರುವುದರಿಂದ ನೇರವಾಗಿ ಸಿಗುವ ಸಾರಜನಕ ಅತ್ಯಲ್ಪ. ಅದು ಸೂಕ್ಷ್ಮಜೀವಿಗಳಿಗೆ ಊಟ, ಸಸಿಗೆ ನೇರ ಊಟವಲ್ಲ. ಮಣ್ಣಿನಲ್ಲಿ ಸಾವಯವ ಅಂಶ ಮೊದಲೇ ಇದ್ದರೆ ಫಲ ಕಾಣುತ್ತದೆ. ಬೂದಿಯಲ್ಲಿ ಪೊಟ್ಯಾಷ್ ಇದೆ, ಆದರೆ ಅದು ಕ್ಷಾರೀಯ. ಬೂದಿ ಮತ್ತು ಯೂರಿಯಾ ಒಟ್ಟಿಗೆ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಹಸಿ ಸಗಣಿಯನ್ನು ಮಾತ್ರ ಚೀಲಕ್ಕೆ ಹಾಕಲೇಬೇಡಿ, ಕಾವೇರುವುದಲ್ಲದೆ ಗೊಣ್ಣೆಹುಳುವೂ ಬರುತ್ತದೆ.

ಪ್ರಶ್ನೆ: ಶ್ರೀಗಂಧದ ಸಸಿಗಳಿಗೆ ಎಲ್ಲ ಬಗೆಯ ಗೊಬ್ಬರ ಹಾಕಿದ್ದೇನೆ. ಒಂದು ಗೇಣು ಬೆಳೆದು ನಿಂತಿವೆ.
(ಓದುಗರೊಬ್ಬರು, ದೊಡ್ಡಬಳ್ಳಾಪುರ)

ಉತ್ತರ: ಜೊತೆಯಲ್ಲಿ ಆಸರೆ ಗಿಡ ಇದೆಯೇ? ಶ್ರೀಗಂಧ ಅರೆಪರಾವಲಂಬಿ. ಅದರ ಎಲೆ ಆಹಾರ ತಯಾರಿಸುತ್ತದೆಯಾದರೂ, ಬೇರು ಪಕ್ಕದ ಗಿಡದ ಬೇರಿಗೆ ಹೀರುಬೇರುಗಳ ಮೂಲಕ ಕಚ್ಚಿಕೊಂಡು ನೀರನ್ನೂ ಪೋಷಕಾಂಶಗಳನ್ನೂ ಪಡೆಯಬೇಕು. ಬೀಜದ ಬುತ್ತಿ ಮುಗಿದ ಮೇಲೆ ಆಸರೆಯಿಲ್ಲದ ಸಸಿಗೆ ಗೊಬ್ಬರ ಹೆಚ್ಚಿಸಿದರೂ ಅದು ಏಳುವುದಿಲ್ಲ. ಚೀಲದಲ್ಲಿಯೇ ತೊಗರಿ ಅಥವಾ ಹೊನಗೊನೆ ಜಾತಿಯ ಗಿಡವನ್ನು ಜೊತೆಗಿಡಿ. ಇಲ್ಲಿ ಸಾರಜನಕ ಅತಿಯಾದರೆ ಬೇರೆಯದೇ ತೊಂದರೆ: ಆಸರೆ ಗಿಡ ಸೊಕ್ಕಿ ಬೆಳೆದು ಗಂಧದ ಸಸಿಯನ್ನೇ ಮುಚ್ಚುತ್ತದೆ. ಅದನ್ನು ಆಗಾಗ ಚಿವುಟುತ್ತಿರಬೇಕು. ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಶ್ರೀಗಂಧದ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತಿದೆ. ದೊಡ್ಡ ಪ್ರಮಾಣದಲ್ಲಿ ನೆಡುವ ಯೋಚನೆಯಿದ್ದರೆ ಮೊದಲು ಅಲ್ಲಿ ವಿಚಾರಿಸಿ.

ಪ್ರಶ್ನೆ: ಜೂನ್ ಕೊನೆಗೆ ಸಸಿಗಳನ್ನು ಗುಂಡಿಗೆ ನೆಡುತ್ತೇವೆ. ನೆಡುವ ಹಿಂದಿನ ದಿನ ಒಂದು ಸಲ ಜೋರಾಗಿ ಗೊಬ್ಬರ ಕೊಟ್ಟು ಒಯ್ದರೆ ಬೇಗ ಹಿಡಿಯುತ್ತವೆಯೇ?
(ನಾಗರಿಕ ಬಳಗವೊಂದರ ಸದಸ್ಯರು, ಜಯನಗರ)

ಉತ್ತರ: ಬೇಡ. ನೆಡುವುದಕ್ಕೆ ಮೂರು ನಾಲ್ಕು ವಾರ ಮೊದಲೇ ಸಾರಜನಕವನ್ನು ನಿಲ್ಲಿಸಬೇಕು. ನೆರಳು ಬಲೆಯನ್ನು ಹಂತಹಂತವಾಗಿ ಸರಿಸಿ, ನೀರಿನ ನಡುವಿನ ಅಂತರವನ್ನು ಹೆಚ್ಚಿಸಿ, ಚೀಲಗಳನ್ನು ಜಾಗ ಬದಲಾಯಿಸಿ ನೆಲಕ್ಕಿಳಿದ ಬೇರನ್ನು ತುಂಡರಿಸಬೇಕು. ಆಗ ಎಳೆ ಚಿಗುರು ನಿಂತು ಕಾಂಡ ಗಟ್ಟಿಯಾಗುತ್ತದೆ. ಈ ಅವಧಿಯಲ್ಲಿ ಅಲ್ಪ ಪೊಟ್ಯಾಷ್ ಕೊಟ್ಟರೆ ಅಡ್ಡಿಯಿಲ್ಲ, ಎಲೆಯ ರಂಧ್ರಗಳನ್ನು ತೆರೆದು ಮುಚ್ಚಿ ನೀರನ್ನು ಉಳಿಸಿಕೊಳ್ಳಲು ಅದು ಬೇಕು. ಗುಂಡಿಯಲ್ಲಿ ಮೇಲ್ಮಣ್ಣು, ಕಳಿತ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿಯನ್ನು ಚೆನ್ನಾಗಿ ಬೆರೆಸಿ, ಯೂರಿಯಾ ಬೇಡ. ಚೀಲದ ತಳದಲ್ಲಿ ಸುರುಳಿ ಸುತ್ತಿರುವ ಬೇರಿದ್ದರೆ ಚೂಪಾದ ಬ್ಲೇಡಿನಿಂದ ಕತ್ತರಿಸಿಯೇ ಇಳಿಸಿ. ಹೊಸ ಚಿಗುರು ಒಡೆದರೆ ಬೇರು ಹಿಡಿಯಿತೆಂದು ಅರ್ಥ. ನಂತರವೇ ಬುಡದಿಂದ ಒಂದು ಗೇಣು ದೂರದಲ್ಲಿ ಉಂಗುರದಂತೆ ಗೊಬ್ಬರ ಕೊಡಬಹುದು. ಬೆಂಗಳೂರಿನಲ್ಲಿ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ. ಆ ಮೊದಲ ಕಂತಿಗೆ ಸೆಪ್ಟೆಂಬರಿನ ಆರಂಭವನ್ನು ಆರಿಸಿಕೊಂಡು, ಧಾರಾಕಾರ ಮಳೆಯ ದಿನವನ್ನು ಬಿಟ್ಟು, ಮಳೆ ನಿಂತು ನೆಲ ಹದವಾಗಿರುವ ದಿನ ಹಾಕಿ.